ಸಾಹೇಬರ ಜರಿಗಿಡ

ಯುದ್ಧದ ಕಾಲ. ಸಸ್ಯಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿ, ಮಂಡ್ಯದಲ್ಲಿ ಅಕ್ಕನ ಮನೆಯ ಮುದ್ದೆ ತಿನ್ನುತ್ತ ಕೂತಿದ್ದೆ. ಭಾವನ ಕಚೇರಿಯ ಸಾಹೇಬರು ಒಂದು ಪತ್ರ ಬರೆದುಕೊಟ್ಟರೆ ಹೈಸ್ಕೂಲಿನಲ್ಲಿ ಮೇಷ್ಟರ ಕೆಲಸ ಸಿಗುವಂತಿತ್ತು. ಅವರು ಒಂದು ತಿಂಗಳ ರಜೆಯ ಮೇಲೆ ಊರಿಗೆ ಹೊರಟರು. ಹೊರಡುವಾಗ, ಬೆಂಗಳೂರಿನಿಂದ ತಂದಿದ್ದ ಜರಿಗಿಡದ ಕುಂಡವನ್ನು ನನ್ನ ಕೈಗಿಟ್ಟರು.

"ನೀವು ಓದಿದವರು, ಇದನ್ನು ಉಳಿಸಿ. ಬಂದ ಮೇಲೆ ಪತ್ರದ ವಿಚಾರ ನೋಡೋಣ."

ಹೂವಿಲ್ಲ, ಕಾಯಿಲ್ಲ, ಬರೀ ಎಲೆ. ಸಾರಿಗೂ ಬಾರದ ಸೊಪ್ಪು ಎಂದು ಅಕ್ಕ ಮೊದಲ ದಿನವೇ ತೀರ್ಮಾನಿಸಿದಳು. ನಾನು ಪುಸ್ತಕದಲ್ಲಿದ್ದಂತೆ ನೆರಳು, ತೇವ ಎಲ್ಲ ಒದಗಿಸಿದೆ. ಮಂಡ್ಯದ ಬೇಸಗೆ ಆ ಪುಸ್ತಕ ಓದಿರಲಿಲ್ಲ. ಎಲೆಯ ತುದಿಗಳು ಕರಟತೊಡಗಿದವು.

ಒಂದು ಬೆಳಿಗ್ಗೆ ಅಕ್ಕ ಎಲೆ ಮಗುಚಿ ನೋಡಿದಳು. "ಲೋ, ಅಡೀಲಿ ಸಾಲಾಗಿ ಉಳ ಕುಂತವೆ ಕಣ್ಲಾ."

"ಹುಳ ಅಲ್ಲ ಕಣಕ್ಕ, ಬೀಜ ಇದ್ದಂಗೆ. ಅದ್ರಿಂದ್ಲೇ ಇನ್ನೊಂದು ಗಿಡ ಆಗೋದು."

"ಯಾವ ಗಿಡ ಎಲೆ ಅಡೀಲಿ ಬೀಜ ಬುಡ್ತದ್ಲಾ? ಓದಿ ಓದಿ ಕೆಟ್ಟೋದೆ ನೀನು."

ಸಂಜೆಯ ಹೊತ್ತಿಗೆ ಒಂದೊಂದು ಎಲೆಯನ್ನೂ ಸೀಮೆಎಣ್ಣೆಯಲ್ಲಿ ಒರೆಸಿ ಆಗಿತ್ತು. ಅಕ್ಕ ಒರೆಸಿದಳು ಎಂದು ನನ್ನ ದಿನಚರಿಯಲ್ಲಿದೆ. ಆದರೆ ದೀಪಕ್ಕೇ ಎಣ್ಣೆ ಸಾಲದ ಆ ದಿನಗಳಲ್ಲಿ ಅವಳು ಗಿಡಕ್ಕೆ ಸುರಿದಿರುತ್ತಾಳೆಯೇ? ಎಣ್ಣೆಬಟ್ಟೆ ಹಿಡಿದ ನನ್ನದೇ ಬೆರಳುಗಳು ಯಾಕೆ ನೆನಪಿಗೆ ಬರುತ್ತವೆ? ಅವಳ ಮಾತು ಕೇಳಿ ನನಗೂ ಅನುಮಾನ ಬಂದಿರಬೇಕು. ಪದವಿಯ ಮಾನ ಕಾಯಲು ದಿನಚರಿಯಲ್ಲಿ ಸುಳ್ಳು ಬರೆದಿರಬಹುದು. ಗಿಡವಂತೂ ಮೂರು ದಿನದಲ್ಲಿ ಸತ್ತಿತು.

ಪತ್ರವೂ ಅದರ ಜೊತೆ ಹೋಯಿತೆಂದು ಹೆದರಿ, ಮಳವಳ್ಳಿ ಬಸ್ಸು ಹತ್ತಿ ಶಿವನಸಮುದ್ರಕ್ಕೆ ಹೋದೆ. ಜಲಪಾತದ ಹನಿ ಸಿಡಿಯುವ ಬಂಡೆಯ ಸಂದುಗಳಲ್ಲಿ ಜರಿಗಿಡ ಯಾರ ಆರೈಕೆಯೂ ಇಲ್ಲದೆ ಕಿಕ್ಕಿರಿದಿತ್ತು. ಹಿಡಿ ಮಣ್ಣೂ ಇಲ್ಲ, ಆದರೂ ನನಗಿಂತ ಪುಷ್ಟಿಯಾಗಿತ್ತು. ಬೇರು ಬಿಡಿಸುತ್ತಿದ್ದಾಗ, ಹತ್ತಿರದಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುದುಕರೊಬ್ಬರು ಕೇಳಿದರು:

"ಯಾಕಪ್ಪ ಅದು? ದನಾನೂ ಮುಟ್ಟಾಕಿಲ್ಲ."

"ಸಾಹೇಬ್ರ ಮನೆ ಒಳಗೆ ಇಡೋಕೆ, ತಾತ."

"ಮನೆ ಒಳೀಕಾ? ಅಷ್ಟೊಂದು ಸೋರ್ತದಾ ಅವರ ಮನೆ?"

ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಅದೇ ಕುಂಡದಲ್ಲಿ ನೆಟ್ಟೆ. ಎರಡು ದಿನಕ್ಕೆ ಸಾಹೇಬರು ಬಂದರು. ಕನ್ನಡಕ ಒರೆಸಿ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಚೆನ್ನಾಗಿ ನೋಡಿಕೊಂಡಿದ್ದೀರಿ. ಗಿಡದ ಜಾತಿಯೇ ಬದಲಾಗಿದೆ."

ತಲೆ ತಗ್ಗಿಸಿ, ಶಿವನಸಮುದ್ರದ್ದು ಎಂದು ಒಪ್ಪಿಕೊಂಡೆ. ಅವರು ಅಲ್ಲೇ ಕೂತು ಪತ್ರ ಬರೆದುಕೊಟ್ಟರು. ಅದರಲ್ಲಿ ಸಸ್ಯಶಾಸ್ತ್ರದ ಮಾತೇ ಇರಲಿಲ್ಲ. ಎಷ್ಟು ದೂರ ಕಳಿಸಿದರೂ ಹೋಗಿ ಕೆಲಸ ಮುಗಿಸಿ ಬರುವವನು ಎಂದಿತ್ತು. ಹೈಸ್ಕೂಲಿನವರು ನನ್ನನ್ನು ತೆಗೆದುಕೊಂಡರು. ಕಲಿಸಲು ಕೊಟ್ಟದ್ದು ಭೂಗೋಳ.