ಪಾಸ್ ಕೌಂಟರಿನ ದೊಡ್ಡಮ್ಮ

“ಹನ್ನೊಂದು ಜನಾನೂ ಒಡಹುಟ್ಟಿದವ್ರೇನಪ್ಪಾ? ನಿಮ್ಮಮ್ಮಂಗೆ ದೊಡ್ಡ ನಮಸ್ಕಾರ!” ಎನ್ನುತ್ತಲೇ ಆಸ್ಪತ್ರೆಯ ಪಾಸ್ ಕೌಂಟರಿನ ದೊಡ್ಡಮ್ಮ ಹನ್ನೊಂದು ಪಾಸನ್ನೂ ಹರಿದುಕೊಡುತ್ತಾಳೆ, ಒಬ್ಬ ರೋಗಿಗೆ ಇಬ್ಬರು ಬಂಧುಗಳು ಮಾತ್ರ ಎಂಬ ಬೋರ್ಡು ಅವಳ ಬೆನ್ನ ಹಿಂದೆಯೇ ಇದೆ, ಅವಳಿಗೆ ಮಾತ್ರ ಕಾಣುವುದಿಲ್ಲ. ಬಂದರಿನ ಊರಾದ್ದರಿಂದ ಅವಳ ಕಿಟಕಿಗೆ ಜಗತ್ತೇ ಬರುತ್ತದೆ: ಒಂದು ದೇಶದವರು ಸೋದರತ್ತೆಯ ನಾದಿನಿಯನ್ನೂ ಬಿಡದೆ ಕರೆತರುತ್ತಾರೆ, ಇನ್ನೊಂದು ದೇಶದ ಮಗ ಒಬ್ಬನೇ ಬಂದು, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಕೂತು, ಅಪ್ಪನ ಕೈ ಕುಲುಕಿ ಹೊರಟುಬಿಡುತ್ತಾನೆ. “ಹೆತ್ತಪ್ಪನ ಕೈ ಕುಲುಕ್ತಾರೇನ್ರೀ, ಅವರೇನು ಬ್ಯಾಂಕ್ ಮ್ಯಾನೇಜರಾ?” ಎಂದು ಅವಳು ವಾರವಿಡೀ ನರ್ಸುಗಳ ತಲೆ ತಿನ್ನುತ್ತಾಳೆ. ಏಳನೇ ಬೆಡ್ಡಿನ ಮುದಿ ನಾವಿಕನಿಗಂತೂ ತಿಂಗಳಾದರೂ ಒಬ್ಬರೂ ಬರಲಿಲ್ಲವೆಂದು ಅವಳು ಮರುಗಿ, ಪಾಸಿನ ಸಂಬಂಧದ ಜಾಗದಲ್ಲಿ ‘ಅತ್ತಿಗೆ’ ಎಂದು ತಾನೇ ಬರೆದುಕೊಂಡು ಈ ಭಾನುವಾರ ಒಳಗೆ ಹೋದರೆ, ಅವನು ತಲೆ ಬಾಚಿ, ಕೋಟು ತೊಟ್ಟು, ಫೋನಿನ ಮುಂದೆ ಕಾದು ಕೂತಿದ್ದ. “ಮಗಳು ಫೋನ್ ಮಾಡ್ತಾಳೆ. ಪ್ರತಿ ಭಾನುವಾರ ನಾಲ್ಕಕ್ಕೆ. ಮೂವತ್ತು ವರ್ಷದಲ್ಲಿ ಒಂದು ವಾರಾನೂ ತಪ್ಪಿಸಿಲ್ಲ.” ದೊಡ್ಡಮ್ಮ ಅವನ ಕೋಟಿನ ಕಾಲರು ಸರಿಮಾಡಿ, “ಮುಂದಿನ ವಾರ ನಾಲ್ಕೂಕಾಲಿಗೆ ಬರ್ತೀನಿ. ಅವಳು ಏನಂದ್ಳು ಅಂತ ಒಂದೂ ಬಿಡ್ದೆ ಹೇಳ್ಬೇಕು” ಎಂದಳು.