ಇಲೊಲೊ ಆಸ್ಪತ್ರೆಯ ಕೆಂಪು ಗುರುತುಗಳನ್ನು ಓದಿದಾಕೆ

ಬೆಳಗಿನ ಆರು ಗಂಟೆ. ನಮ್ಮ ತುಕುಯು ಗುಡ್ಡಗಳ ಮಂಜು ಇನ್ನೂ ಕರಗಿಲ್ಲ. ಇಲೊಲೊ ಮಿಷನ್ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ತುಸೆಕಿಲೆಯವರು ಪೊರಕೆಯನ್ನು ಗೋಡೆಗೊರಗಿಸಿ, ನಡುವಿಗೆ ಸುತ್ತಿದ ಬಟ್ಟೆಗೆ ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಟಾಸ್ಕ್ ಮ್ಯಾನೇಜರ್ ತೆರೆದು ಯಂತ್ರ ಎಷ್ಟು ದುಡಿಯುತ್ತಿದೆ ಎಂದು ನೋಡುತ್ತಾರೆ. ಆಮೇಲೆ ಕಂಪ್ಯೂಟರು ತನ್ನ ಆರೋಗ್ಯವನ್ನು ತಾನೇ ಬರೆದಿಡುವ ದಿನಚರಿ. ಅದರಲ್ಲಿ ಒಂದರಿಂದ ಹತ್ತರವರೆಗೆ ಏರಿಳಿಯುವ ಗೆರೆ, ಕೆಟ್ಟುನಿಂತ ದಿನಕ್ಕೊಂದು ಕೆಂಪು ಗುರುತು.

"ಎಂಟೂವರೆ ಇದೆ. ಪರವಾಗಿಲ್ಲ, ಉಸಿರಾಡ್ತಿದೆ" ಎನ್ನುತ್ತಾರೆ.

ಇವು ಹಣ ಕೊಟ್ಟು ತಂದ ಸಾಧನಗಳಲ್ಲ, ಯಂತ್ರದ ಜೊತೆಗೇ ಬಂದವು. ತೆರೆದು ನೋಡುವವರು ಮಾತ್ರ ಈ ಆಸ್ಪತ್ರೆಯಲ್ಲಿ ಇವರೊಬ್ಬರೇ. ಓದಿದ್ದು ಏಳನೆಯ ತರಗತಿ. ಹತ್ತೊಂಬತ್ತು ವರ್ಷದಿಂದ ಹನ್ನೊಂದು ಕೋಣೆ ಗುಡಿಸುತ್ತಿದ್ದಾರೆ. ವರ್ಗವಾಗಿ ಹೋದ ನರ್ಸೊಬ್ಬಳು ಹೇಳಿಕೊಟ್ಟದ್ದನ್ನು ಬಿಡದೆ ಹಿಡಿದುಕೊಂಡಿದ್ದಾರೆ.

ಮಂಗಳವಾರ, ಗುರುವಾರ ಇಲ್ಲಿ ಜೀವನಪೂರ್ತಿ ಮಾತ್ರೆ ನುಂಗಬೇಕಾದವರ ಸಾಲು. ಬಂದವರು ನೂರನಲವತ್ತಕ್ಕೆ ಕಡಿಮೆಯಿಲ್ಲ. ಕಂಪ್ಯೂಟರು ಚೀಟಿ ಕೊಡದೆ ಔಷಧಿ ಸಿಗುವುದಿಲ್ಲ. ಈ ವರ್ಷ ಏಳು ವಾರ, ಸರಿಯಾಗಿ ಆ ಎರಡು ದಿನಗಳಲ್ಲೇ ಅದು ನಡುವೆ ಆರಿಹೋಗುತ್ತಿತ್ತು. ನನ್ನ ಮನೆಯಾಕೆ, ಈಗ ದೇವರ ಪಾದ ಸೇರಿದವಳು, ತನ್ನ ಕಡೆಯ ಮಂಗಳವಾರ ಈ ಸಾಲಿನಿಂದ ಬರಿಗೈಯಲ್ಲಿ ಮರಳಿದಳು.

ನಗರದಿಂದ ಎಂಜಿನಿಯರು ಬಂದರು. ಹತ್ತು ನಿಮಿಷ ನಿಂತರು. ದಿನಚರಿ ತೆರೆಯಲೇ ಇಲ್ಲ. ಯಂತ್ರ ಮುಗಿಯಿತು, ದಾಖಲೆಗಳನ್ನು ಮೂವತ್ತೆಂಟು ಕಿಲೋಮೀಟರ್ ದೂರದ ಪಟ್ಟಣಕ್ಕೆ ಸಾಗಿಸಿ, ಚೀಟಿ ಅಲ್ಲೇ ಕೊಡಲಿ ಎಂದು ಬರೆದರು. ನಡೆಯಲಾರದ ರೋಗಿಗಳು ಅಲ್ಲಿಗೆ ಹೇಗೆ ಹೋಗಬೇಕು? ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ತುಸೆಕಿಲೆ ಬಾಯಿ ತೆರೆದರು.

"ಅಣ್ಣ, ಹದಿನಾಲ್ಕು ಕೆಂಪು ಗುರುತಿದೆ. ಎಲ್ಲಾ ಮಂಗಳವಾರ, ಗುರುವಾರವೇ. ಬೇರೆ ದಿನ ಒಂದೂ ಬಿದ್ದಿಲ್ಲ."

"ಪೊರಕೆ ಹಿಡಿಯೋ ಕೈಗೆ ಇದೆಲ್ಲ ಯಾಕಮ್ಮ?"

"ಕಸ ಎಲ್ಲಿದೆ ಅಂತ ಪೊರಕೆ ಹಿಡಿದವಳಿಗೇ ಅಲ್ವಾ ಗೊತ್ತಾಗೋದು?"

ನಮ್ಮಲ್ಲಿ ಗೌರವದ ವಸ್ತುವಿಗೆ ಕಸೂತಿಯ ಹೊದಿಕೆ ಹಾಕುತ್ತೇವೆ, ಕುರ್ಚಿಗೆ, ರೇಡಿಯೋಗೆ, ಎಲ್ಲಕ್ಕೂ. ಜನ ಬರುವ ದಿನವೆಂದು ಮೇಟ್ರನ್ ಅಟುಗನಿಲೆ ತಾವೇ ಹೊಸದಾಗಿ ಹೆಣೆದ, ಗಂಜಿ ಹಾಕಿದ ಹೊದಿಕೆಯನ್ನು ಆ ಎರಡು ದಿನ ಕಂಪ್ಯೂಟರಿನ ಪೆಟ್ಟಿಗೆಗೆ ಹೊದಿಸುತ್ತಿದ್ದರು. ಬಿಸಿಗಾಳಿ ಹೊರಹೋಗುವ ತೂತುಗಳೆಲ್ಲ ಅದರಡಿ ಮುಚ್ಚಿದ್ದವು. ತುಸೆಕಿಲೆ ಎಲ್ಲರೆದುರು ಟಾಸ್ಕ್ ಮ್ಯಾನೇಜರ್ ತೆರೆದಿಟ್ಟರು. ಹೊದಿಕೆಯಿದ್ದಾಗ ಅದೇ ಕೆಲಸಕ್ಕೆ ಯಂತ್ರದ ವೇಗ ಅರ್ಧಕ್ಕಿಳಿಯಿತು. ತೆಗೆದ ಸ್ವಲ್ಪ ಹೊತ್ತಿಗೆ ಮೇಲೆದ್ದಿತು.

"ಅಯ್ಯೋ, ನಾನೇ ಉಸಿರು ಕಟ್ಟಿಸ್ತಿದ್ನಾ?" ಎಂದು ಮೇಟ್ರನ್ ಕೂತುಬಿಟ್ಟರು.

"ಪ್ರೀತಿಗೆ ಹೊದಿಸಿದ್ರಿ ಅಕ್ಕ, ಬಿಡಿ. ಅದೇ ಎಲ್ಲಾ ಬರ್ಕೊಂಡಿತ್ತು, ನಾನು ಓದ್ದೆ ಅಷ್ಟೆ."

ದಾಖಲೆಗಳು ಇಲ್ಲೇ ಉಳಿದವು. ಅಂದಿನಿಂದ ಹೊಸ ಕೆಂಪು ಗುರುತಿಲ್ಲ. ಆದರೆ ವರದಿಯಲ್ಲಿ 'ಎಂಜಿನಿಯರ್ ದೋಷ ಸರಿಪಡಿಸಿದರು' ಎಂದಿದೆ. ತುಸೆಕಿಲೆಯ ಹೆಸರಿಲ್ಲ. ಕಣ್ಣೆದುರೇ ನಡೆದದ್ದನ್ನು ಮರೆಮಾಚಿದ ಈ ಸುಳ್ಳಿಗೆ ಸಹಿ ಹಾಕಿದ ಕೈಗಳು ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆಗೆ ಹೇಗೆ ಕೂಡುತ್ತವೋ ನಾನರಿಯೆ.

ತುಸೆಕಿಲೆಯವರಿಗೆ ಆ ಸಿಟ್ಟೂ ಇಲ್ಲ. ಕೇಳುವುದು ಒಂದೇ. ರಕ್ತ ಪರೀಕ್ಷೆ ಕೋಣೆಯ ಕಂಪ್ಯೂಟರೂ ಈಚೆಗೆ ತಡವರಿಸುತ್ತಿದೆ, ಫಲಿತಾಂಶಗಳು ಕಳೆದುಹೋಗುತ್ತಿವೆ.

"ಅದನ್ನೂ ನೋಡೋಕೆ ಬಿಡಿ ಅಂತ ಮೂರು ಸಲ ಕೇಳ್ದೆ, ಹಿರಿಯರೇ. ಕೋಣೆ ಬೀಗದ ಕೈ ಕೊಟ್ಟಿದ್ದಾರೆ, ಗುಡಿಸೋಕೆ. ಪಾಸ್‌ವರ್ಡ್ ಇನ್ನೂ ಕೊಟ್ಟಿಲ್ಲ."