ಬಾಗಿಲ ಮೇಲಿನ ಮುಖ

ನಾವು ನೆಲೆಸಿರುವ ಪರದೇಶದ ಊರು ಸೊಲ್ಲೆಂಟುನಾದಲ್ಲಿ ನಮ್ಮ ಕೆಳಗಿನ ಮನೆಯಾಕೆ ಬಲ್ಗೇರಿಯದವಳು. ಕಟ್ಟಡದ ಲಾಂಡ್ರಿ ಕೋಣೆಯಲ್ಲಿ ಬೆಳೆದ ಸ್ನೇಹ ನಮ್ಮದು. ಅವಳ ಹಳ್ಳಿಯ ಶಾಲೆ ಎಂದೋ ಮುಚ್ಚಿದೆ. ಜೊತೆಗೆ ಓದಿದವರು ಜರ್ಮನಿಗೆ, ಸ್ಪೇನಿಗೆ ಚದುರಿದರು, ಇವಳು ಇಲ್ಲಿಗೆ ಬಂದಳು. ಅವರ ಮಕ್ಕಳೆಲ್ಲ ಹುಟ್ಟಿದ್ದು ಬೇರೆ ದೇಶಗಳಲ್ಲೇ. ಅಪ್ಪ ತೀರಿಕೊಂಡ ಮೇಲೆ ಅಲ್ಲಿನ ಮನೆ ಮಾರಲು ಒಪ್ಪಿದ್ದಳು. ಆದರೆ ಅಲ್ಲಿ ಒಲೆ ಹಚ್ಚುವವರಿಗೇ ಕೊಡಬೇಕೆಂಬ ಹಟ ಅವಳದು.

ನಮ್ಮ ಕನ್ನಡದ ಬಳಗದಲ್ಲಿ ಒಬ್ಬ ಮಹಾಶಯನಿದ್ದಾನೆ. ಎಲ್ಲಿ ಜನ ಕಡಿಮೆಯಾದರೆಂದು ಕೇಳಿದರೂ ಅವನ ಬಾಯಲ್ಲಿ ನೀರೂರುತ್ತದೆ.

"ಆ ಬಲ್ಗೇರಿಯ ಥರದ ಸ್ಲಾವ್ ಕಂಟ್ರೀಸೆಲ್ಲ ಖಾಲಿ ಆಗ್ತಿವೆ ಅಕ್ಕ. ಹುಟ್ಟೋರೂ ಕಮ್ಮಿ, ಇರೋರೂ ಕಮ್ಮಿ. ಈಗ್ಲೇ ಹೋಗಿ ಬೀದಿಗೆ ಬೀದೀನೇ ಹಿಡ್ಕೊಂಡ್ಬಿಡ್ಬೇಕು. ಟೂರಿಸ್ಟ್‌ಗಳಿಗೆ ಬಿಟ್ರೆ ಆಯ್ತಪ್ಪ."

ಒಂದು ನಾಡು ಬರಿದಾಗುವುದನ್ನು ಡಿಸ್ಕೌಂಟ್ ಸೇಲ್‌ನ ಸುದ್ದಿಯಂತೆ ಹೇಳುತ್ತಿದ್ದ. ಕೇಳುವಾಗಲೇ ನನಗೆ ಹೇಸಿಗೆಯಾಗುತ್ತಿತ್ತು. ಮನೆ ಮಾರುವ ಸುದ್ದಿ ಕಿವಿಗೆ ಬಿದ್ದದ್ದೇ, ಕೆಳಗಿನ ಮನೆಯವಳೆದುರು ಮಾತ್ರ ಪ್ರತಿ ಬೇಸಿಗೆಗೂ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಅಲ್ಲೇ ಇರುತ್ತೇನೆಂದು ಹಲ್ಲು ಕಿರಿದ. ನಾನು ಅವನ ಹೂಟ ತಿಳಿಸಿದರೆ, "ಯಾರೂ ಬರದೇ ಇರುವುದಕ್ಕಿಂತ ವಾಸಿಯಲ್ಲವೇ?" ಎಂದಳು. ಮನೆ ನೋಡಿಕೊಂಡು ಬರಲು ಅವನಿಗೆ ಕೀಲಿಕೈಯನ್ನೂ ಕೊಟ್ಟಳು.

ಅವನು ಅಲ್ಲಿಗೆ ಹೋಗಿ ಬಂದವನೇ ನಮ್ಮನ್ನೂ ಅವಳನ್ನೂ ಊಟಕ್ಕೆ ಕರೆದ. ಬಿಸಿಬೇಳೆಬಾತ್ ಬಡಿಸಿ ಟಿವಿಯಲ್ಲಿ ವಿಡಿಯೋ ಹಾಕಿದ. ನಿರ್ಜನ ಬೀದಿ, ತುಕ್ಕು ಹಿಡಿದ ಗೇಟು, ಆಮೇಲೆ ಅವಳ ಮನೆಯ ಬಾಗಿಲು. ಅದರ ಮೇಲೊಂದು ಕಾಗದ, ಕಾಗದದಲ್ಲಿ ಮೀಸೆಯ ಮುದುಕನ ಫೋಟೋ. ಇವನ ಕೈ ಮುಂದೆ ಬಂದು ಅದನ್ನು ಕೀಲಿಕೈಯಿಂದ ಕೆರೆದು ಕೆರೆದು ಕಿತ್ತು, ಮುದುರಿ ಎಸೆಯಿತು.

"ಎಲ್ಲಾ ಬಾಗ್ಲಿಗೂ ಎಲೆಕ್ಷನ್ ಪೋಸ್ಟರ್ ಅಂಟ್ಸಿದಾರೆ, ಥೇಟ್ ನಮ್ಮೂರೇ! ನಮ್ಮದೊಂದನ್ನ ಕ್ಲೀನ್ ಮಾಡ್ದೆ ನೋಡಿ."

ಎಲ್ಲರೂ ನಕ್ಕರು. ಕನ್ನಡ ಬಾರದ ಅವಳು ತಟ್ಟೆ ಕೆಳಗಿಟ್ಟು ಇಂಗ್ಲಿಷಿನಲ್ಲಿ ಹೇಳಿದಳು, "ಅದು ನನ್ನ ಅಪ್ಪ."

ಅವರಲ್ಲಿ ಯಾರಾದರೂ ಸತ್ತರೆ ಫೋಟೋ ಸಮೇತ ಬಾಗಿಲಿಗೆ ಕಾಗದ ಅಂಟಿಸುತ್ತಾರಂತೆ. ವರ್ಷ ತುಂಬಿದಾಗ ಮತ್ತೊಂದು. ಅದನ್ನು ಅಂಟಿಸುವುದಕ್ಕೆಂದೇ ಅವಳು ಹೋದ ವಸಂತದಲ್ಲಿ ಊರಿಗೆ ಹೋಗಿ ಬಂದಿದ್ದಳು.

"ಸಾರಿ, ಸಾರಿ. ಎಲೆಕ್ಷನ್‌ದು ಅಂದುಕೊಂಡೆ," ಎಂದ ಅವನು.

"ನಮ್ಮ ಬೀದಿಯಲ್ಲಿ ಓಟು ಹಾಕಲು ಯಾರಿದ್ದಾರೆ?"

ಅವಳು ಕೈ ಚಾಚಿದಳು. ಅವನು ಕೀಲಿಕೈ ಕೊಟ್ಟ. ಅದರ ಹಲ್ಲುಗಳಲ್ಲಿ ಸಿಕ್ಕಿಕೊಂಡಿದ್ದ ಕಾಗದದ ಚೂರನ್ನು ಅವಳು ಉಗುರಿನಿಂದ ಮೆಲ್ಲಗೆ ಬಿಡಿಸಿ ಅಂಗೈಯಲ್ಲಿಟ್ಟುಕೊಂಡಳು. ಎದ್ದು ಬಾಗಿಲ ಬಳಿ ಹೋಗಿ ಬೂಟು ಹಾಕಿಕೊಳ್ಳತೊಡಗಿದಳು.

ಅವನು ನನ್ನ ಕಡೆ ಬಾಗಿ ಕನ್ನಡದಲ್ಲಿ ಪಿಸುಗುಟ್ಟಿದ. "ಹೋಗ್ಲಿ ಬಿಡಿ ಅಕ್ಕ. ಪಕ್ಕದ ಮನೆ ಬಾಗ್ಲಲ್ಲೂ ಅಂಥದ್ದೇ ಒಂದಿತ್ತು. ಆ ಮನೆ ಮಾರಾಟಕ್ಕಿದ್ಯಾ ಅಂತ ವಿಚಾರಿಸ್ತೀನಿ."

ಬಾಯಲ್ಲಿದ್ದ ತುತ್ತನ್ನು ಅವನ ತಟ್ಟೆಯ ಪಕ್ಕದಲ್ಲೇ ಉಗಿದು, ನಾನೂ ಎದ್ದು ಬೂಟು ಹುಡುಕಿದೆ.